ಹೊಗೆ ಟೆಸ್ಟ್ ಪಾಸಾದ ಡೀಸೆಲ್ ಕಾರು: ಮಾಲೀಕರು ನೋಡಿಕೊಳ್ಳಬೇಕಾದ್ದೇನು?

ಶಿರಸಿಯ ನನ್ನ ಭಾವ ದೀಪಾವಳಿ ಹೊತ್ತಿಗೆ ಹಳೇ ಡೀಸೆಲ್ ಕಾರೊಂದನ್ನು ತಗೊಂಡ. 2013ರ ಗಾಡಿ, ಜರ್ಮನ್ ಹೆಸರಿನದು, ಹುಬ್ಬಳ್ಳಿಯವರ ಕೈಯಿಂದ ಬಂದದ್ದು. ಬಾಗಿಲು ಹಾಕಿದರೆ ಕಬ್ಬಿಣದ ಕಪಾಟು ಮುಚ್ಚಿದ ಸದ್ದು. ದೇವಿಮನೆ ಘಟ್ಟವನ್ನು ಮೂರನೇ ಗೇರಿನಲ್ಲೇ ಏರುತ್ತದೆ ಅಂತ ವಾರಕ್ಕೆರಡು ಸಲ ಫೋನ್ ಮಾಡಿ ಹೇಳುತ್ತಿದ್ದ. ನಾನು ಕಾರವಾರದಲ್ಲಿ ವಾಹನ ಇನ್ಶೂರೆನ್ಸ್ ಮಾಡಿಸಿಕೊಡುವವನು. ಪಾಲಿಸಿಗಾಗಿ ಅವನು ಕಾಗದಪತ್ರ ಕಳಿಸಿದಾಗ ಗಾಡಿಯ ವರ್ಷ, ಮಾಡೆಲ್ ನೋಡಿ ಕೇಳಿದೆ: "ಇದಕ್ಕೆ ರಿಕಾಲ್ ಇತ್ತಲ್ಲ, ಆಗಿದ್ಯಾ ನೋಡಿದ್ಯಾ?"

"ಎಮಿಷನ್ ಟೆಸ್ಟ್ ಪಾಸ್ ಆಜಲಾ ಭಾವಾ, ಮತ್ತೆಂತ?"

ಈ "ಮತ್ತೆಂತ?" ನನಗೆ ತಿಂಗಳಿಗೆ ಒಂದು ಸಲವಾದರೂ ಎದುರಾಗುತ್ತದೆ. ರಿಕಾಲ್ ಅಂದರೆ ದೋಷ ಇರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಡುವುದು. ಕುಮಟಾದಲ್ಲಿ ಕೇಳುತ್ತಾರೆ, ಅಂಕೋಲೆಯಲ್ಲಿ ಕೇಳುತ್ತಾರೆ. ಫೋಕ್ಸ್‌ವ್ಯಾಗನ್ ಕಂಪನಿ ಎಮಿಷನ್ ಟೆಸ್ಟಿನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಡೀಸೆಲ್ ಹಗರಣ ಅಮೆರಿಕದಲ್ಲಿ ಆದದ್ದು, ನಮಗೇನು ಅನ್ನುವ ಭಾವನೆ. ಹಾಗಾಗಿ ಇದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಹಳೇ ಡೀಸೆಲ್ ಕಾರು ಇದ್ದವರಿಗೆ ಇದು ಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಇನ್ನೂ ಜಾಸ್ತಿ ಬೇಕು.

ಮೊದಲು ಆ ಟೆಸ್ಟ್ ಏನನ್ನು ಅಳೆಯುತ್ತದೆ ತಿಳಿದುಕೊಳ್ಳಿ

ಪೆಟ್ರೋಲ್ ಬಂಕಿನ ಪಕ್ಕದ ಸಣ್ಣ ಗೂಡಿಗೆ ಗಾಡಿ ತಗೊಂಡು ಹೋಗುತ್ತೀರಿ. ಹುಡುಗ ಸೈಲೆನ್ಸರ್‌ಗೆ ಕೊಳವೆ ಸಿಕ್ಕಿಸುತ್ತಾನೆ. "ರೇಸ್ ಕೊಡಿ ಸರ್" ಅನ್ನುತ್ತಾನೆ. ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡುತ್ತೀರಿ, ಮತ್ತೆ ಒತ್ತುತ್ತೀರಿ. ಪರದೆಯ ಮೇಲೆ ಒಂದು ಅಂಕಿ ಬರುತ್ತದೆ. ನಂಬರ್ ಪ್ಲೇಟಿನ ಫೋಟೋ ತೆಗೆದು, ಪ್ರಿಂಟ್ ಕೊಟ್ಟು ಕಳಿಸುತ್ತಾನೆ.

ಆ ಅಂಕಿ ಹೊಗೆಯ ದಟ್ಟಣೆಯದು. ಯಂತ್ರದೊಳಗೆ ಒಂದು ಬೆಳಕು ಹೊಗೆಯನ್ನು ದಾಟಿ ಹೋಗಬೇಕು, ಎಷ್ಟು ಬೆಳಕನ್ನು ಹೊಗೆ ತಡೆಯಿತು ಅನ್ನುವುದೇ ಲೆಕ್ಕ. ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಸ ಗಾಡಿಗಳ ಮಾಲಿನ್ಯಕ್ಕೆ ಸರ್ಕಾರ ಇಟ್ಟ ಮಟ್ಟ. ಬಿಎಸ್ 4 ಡೀಸೆಲ್ ಗಾಡಿಗೆ ಮಿತಿ 1.62, ಬಿಎಸ್ 6ಕ್ಕೆ 0.7. ಇಷ್ಟೇ. ಕಪ್ಪು ಹೊಗೆ ಬರದಿದ್ದರೆ ಪಾಸ್.

ಹಗರಣ ನಡೆದದ್ದು ಕಪ್ಪು ಹೊಗೆಯಲ್ಲಲ್ಲ. ಅದು ನೈಟ್ರೋಜನ್ ಆಕ್ಸೈಡುಗಳದ್ದು. ಗಾಡಿ ಮಂದಿ ಅದನ್ನು ನಾಕ್ಸ್ ಅಂತ ಕರೆಯುತ್ತಾರೆ. ಸೈಲೆನ್ಸರ್ ಹಿಂದೆ ನಿಂತು ನೋಡಿದರೆ ಇದು ಕಾಣುವುದಿಲ್ಲ. ನಮ್ಮ ಎಮಿಷನ್ ಗೂಡಿನಲ್ಲಿ ಡೀಸೆಲ್ ಗಾಡಿಯ ನಾಕ್ಸ್ ಅಳೆಯುವುದೇ ಇಲ್ಲ. ಕಂಪನಿ ಮೋಸ ಮಾಡಿದ ಗಾಡಿಯೂ, ಮಾಡದ ಗಾಡಿಯೂ ಇಲ್ಲಿ ಒಂದೇ ಚೀಟಿ ತಗೊಂಡು ಹೊರಗೆ ಬರುತ್ತವೆ. ಭಾವನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ. "ಹಂಗಾರೆ ಆ ಚೀಟಿ ಎಂತಕ್ಕೆ?" ಅಂದ. ಪೊಲೀಸರಿಗೆ ತೋರಿಸಲು ಬೇಕು. ಹೊಗೆ ಜಾಸ್ತಿಯಾಗಿದೆಯೇ ತಿಳಿಯಲೂ ಬೇಕು. ರಿಕಾಲ್ ವಿಷಯಕ್ಕೆ ಉಪಯೋಗವಿಲ್ಲ.

ಮೋಸ ನಡೆದದ್ದು ಹೇಗೆ

ಡೀಸೆಲ್ ಎಂಜಿನ್ ಒಳಗೆ ಬಿಸಿ ಜಾಸ್ತಿಯಾದಷ್ಟು ಎಣ್ಣೆ ಚೆನ್ನಾಗಿ ಉರಿಯುತ್ತದೆ. ಮೈಲೇಜ್ ಸಿಗುತ್ತದೆ, ಎಳೆತ ಇರುತ್ತದೆ, ಮಸಿ ಕಡಿಮೆ. ಆದರೆ ಅದೇ ಬಿಸಿಯಲ್ಲಿ ಗಾಳಿಯ ನೈಟ್ರೋಜನ್ನೂ ಆಮ್ಲಜನಕವೂ ಕೂಡಿಕೊಂಡು ನಾಕ್ಸ್ ಹುಟ್ಟುತ್ತದೆ. ಇದನ್ನು ತಗ್ಗಿಸಲು ಇಜಿಆರ್ ಅಂತ ಒಂದು ವಾಲ್ವ್ ಇದೆ. ಸುಟ್ಟ ಗಾಳಿಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೆ ಕಳಿಸಿ ಉರಿಯ ಬಿಸಿ ಇಳಿಸುತ್ತದೆ. ನಾಕ್ಸ್ ಇಳಿಯುತ್ತದೆ, ಮಸಿ ಏರುತ್ತದೆ. ಒಂದನ್ನು ಒತ್ತಿದರೆ ಇನ್ನೊಂದು ಎದ್ದು ಬರುವ ಲೆಕ್ಕ ಇದು.

ಫೋಕ್ಸ್‌ವ್ಯಾಗನ್ ಮಾಡಿದ್ದು ಇಲ್ಲೇ. ಇಎ 189 ಅನ್ನುವ ಎಂಜಿನ್ನಿನ ಕಂಪ್ಯೂಟರ್‌ಗೆ, ಈಗ ಟೆಸ್ಟ್ ನಡೆಯುತ್ತಿದೆ ಅನ್ನುವುದು ಗೊತ್ತಾಗುವ ಹಾಗೆ ಸಾಫ್ಟ್‌ವೇರ್ ಬರೆದಿದ್ದರು. ಲ್ಯಾಬಿನಲ್ಲಿ ಗಾಡಿ ರೋಲರ್ ಮೇಲೆ ನಿಂತು ಓಡುತ್ತದೆ. ಚಕ್ರ ತಿರುಗುತ್ತದೆ, ಸ್ಟೀರಿಂಗ್ ಮಾತ್ರ ಅಲುಗಾಡುವುದಿಲ್ಲ. ಯುರೋಪಿನ ಆಗಿನ ಟೆಸ್ಟ್ 1180 ಸೆಕೆಂಡ್, ಅಂದರೆ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಸ್ಟೀರಿಂಗ್ ತಿರುಗಿಸದೆ ಅರಬೈಲ್ ಘಟ್ಟದಲ್ಲಿ ಯಾರಾದರೂ ಗಾಡಿ ಓಡಿಸಿ ತೋರಿಸಲಿ ನೋಡೋಣ. ಸ್ಟೀರಿಂಗ್, ವೇಗ, ಓಡಿದ ಹೊತ್ತು, ಗಾಳಿಯ ಒತ್ತಡ ಎಲ್ಲ ಸೇರಿಸಿ ನೋಡಿ ಕಂಪ್ಯೂಟರ್ ಟೆಸ್ಟ್ ಹೌದೋ ಅಲ್ಲವೋ ತೀರ್ಮಾನಿಸುತ್ತಿತ್ತು. ಸಾಹೇಬರು ಶಾಲೆ ನೋಡಲು ಬರುವ ದಿನ ಅಂಗಳ ಗುಡಿಸಿ, ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಕೂರಿಸಿದ ಹಾಗೆ. ರಸ್ತೆಗೆ ಇಳಿದ ಮೇಲೆ ಬೇರೆಯೇ ಲೆಕ್ಕ: ಇಜಿಆರ್ ಕೆಲಸ ಕಡಿಮೆ, ನಾಕ್ಸ್ ಜಾಸ್ತಿ.

ಸಿಕ್ಕಿಬಿದ್ದದ್ದು ಅಮೆರಿಕದಲ್ಲಿ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಅಳೆಯುವ ಯಂತ್ರವನ್ನು ಕಾರಿಗೇ ಕಟ್ಟಿ ರಸ್ತೆಯಲ್ಲಿ ಓಡಿಸಿತು. ಭಾರತ ಮೂಲದ ಅರವಿಂದ್ ತಿರುವೆಂಗಡಂ ಆ ತಂಡದಲ್ಲಿದ್ದರು. ಲ್ಯಾಬಿನ ಅಂಕಿಗೂ ರಸ್ತೆಯ ಅಂಕಿಗೂ ತಾಳೆಯೇ ಆಗಲಿಲ್ಲ. 2015ರ ಸೆಪ್ಟೆಂಬರ್ 18ರಂದು ಅಲ್ಲಿನ ಪರಿಸರ ಸಂಸ್ಥೆ ನೋಟಿಸ್ ಕೊಟ್ಟಿತು. ಅಮೆರಿಕದ ಮಿತಿಗಿಂತ 40 ಪಟ್ಟು ತನಕ ನಾಕ್ಸ್ ಬರುತ್ತಿದೆ ಅನ್ನುವುದು ಆರೋಪ. ಐದೇ ದಿನಕ್ಕೆ ಕಂಪನಿಯ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಗಾಡಿಗಳಲ್ಲಿ ಈ ಸಾಫ್ಟ್‌ವೇರ್ ಇದೆ ಅಂತ ಕಂಪನಿಯೇ ಒಪ್ಪಿಕೊಂಡಿತು.

ನಮ್ಮಲ್ಲೂ ಇದಕ್ಕೆ ಮೊದಲೇ ಒಂದು ಕತೆ ಆಗಿತ್ತು. ಜನ ಮರೆತಿದ್ದಾರೆ ಅಷ್ಟೆ. ಒಂದು ಕಾಲದಲ್ಲಿ ನಮ್ಮೂರುಗಳ ಮದುವೆ ದಿಬ್ಬಣ, ಧರ್ಮಸ್ಥಳ ಟ್ರಿಪ್ ಎಲ್ಲ ನಡೆಯುತ್ತಿದ್ದದ್ದು ಟವೇರಾದಲ್ಲಿ, ಅಲ್ವಾ? 2013ರ ಜುಲೈಯಲ್ಲಿ ಜನರಲ್ ಮೋಟಾರ್ಸ್ ತನ್ನ 1.14 ಲಕ್ಷ ಟವೇರಾಗಳನ್ನು ವಾಪಸ್ ಕರೆಯಿತು. 2005ರಿಂದ 2013ರ ತನಕ ತಯಾರಾದವು. ಹೊಗೆ ಪರೀಕ್ಷೆಗೆ ಸಂಬಂಧಿಸಿದಂತೆ ತನ್ನ ಸಿಬ್ಬಂದಿಯೇ ನಿಯಮ ಮುರಿದಿದ್ದಾರೆ ಅಂತ ಕಂಪನಿ ಸರ್ಕಾರಕ್ಕೆ ತಿಳಿಸಿತ್ತು.

ನಿಮ್ಮ ಗಾಡಿ ಆ ಪಟ್ಟಿಯಲ್ಲಿದೆಯೇ?

ಈಗ ಕೆಲಸಕ್ಕೆ ಬರೋಣ. ಆರ್‌ಸಿ ಕೈಗೆ ತಗೊಳ್ಳಿ. ನಂಬರ್ ಕೆಎ 30 ಇರಲಿ, 31 ಇರಲಿ, ಹೊನ್ನಾವರದ 47 ಇರಲಿ, ಅದು ಮುಖ್ಯವಲ್ಲ. ನೋಡಬೇಕಾದ್ದು ನಾಲ್ಕು: ಕಂಪನಿ, ಇಂಧನ, ತಯಾರಾದ ತಿಂಗಳು ಮತ್ತು ವರ್ಷ, ಚಾಸಿ ನಂಬರ್.

ಭಾರತದಲ್ಲಿ ಫೋಕ್ಸ್‌ವ್ಯಾಗನ್ ಗುಂಪು 2015ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ರಿಕಾಲ್‌ನಲ್ಲಿ 3,23,700 ಗಾಡಿಗಳಿದ್ದವು. ಫೋಕ್ಸ್‌ವ್ಯಾಗನ್ ಹೆಸರಿನವು 1,98,500, ಸ್ಕೋಡಾ 88,700, ಔಡಿ 36,500. ಎಲ್ಲವೂ ಇಎ 189 ಡೀಸೆಲ್ ಎಂಜಿನ್ನಿನವು, 2008ರಿಂದ 2015ರ ನವೆಂಬರ್ ತನಕದವು. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಪೋಲೋ, ವೆಂಟೋ, ರ‍್ಯಾಪಿಡ್. ಅಲ್ಲೊಂದು ಇಲ್ಲೊಂದು ಲಾರಾ, ಜೆಟ್ಟಾ. ಪೆಟ್ರೋಲ್ ಪೋಲೋ ಇದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು, ಇದು ನಿಮ್ಮದಲ್ಲ.

ಇನೋವಾ ಇದ್ದವರೂ ನನ್ನನ್ನು ಕೇಳುತ್ತಾರೆ. 2024ರ ಜನವರಿಯಲ್ಲಿ ಟೊಯೋಟಾ ಡೀಸೆಲ್ ಎಂಜಿನ್ ಬಗ್ಗೆ ಸುದ್ದಿ ಬಂದಿತ್ತು, ಕೆಲವು ದಿನ ಇನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳನ್ನು ಕಳಿಸುವುದನ್ನೂ ನಿಲ್ಲಿಸಿದ್ದರು. ಅದು ಬೇರೆ ವಿಷಯ. ಎಂಜಿನ್ನಿನ ಕುದುರೆಶಕ್ತಿ ಅಳೆಯುವಾಗ, ಮಾರುವ ಗಾಡಿಯಲ್ಲಿ ಇಲ್ಲದ ಸಾಫ್ಟ್‌ವೇರ್ ಹಾಕಿ ಅಂಕಿ ನುಣುಪಾಗಿ ಕಾಣುವ ಹಾಗೆ ಮಾಡಿದ್ದರು. ಗಾಡಿ ಓಡಿಸುವುದನ್ನು ನಿಲ್ಲಿಸಬೇಕಾಗಿಲ್ಲ ಅಂತ ಕಂಪನಿ ಆಗಲೇ ಹೇಳಿತ್ತು. ಹಾಗಾಗಿ ಕ್ರಿಸ್ಟಾ ಬಾಡಿಗೆಗೆ ಓಡಿಸುವವರು ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಚಾಸಿ ನಂಬರ್ ಸರಿಯಾಗಿ ಓದುವುದು

ಇದು ಸಣ್ಣ ಕೆಲಸ, ಆದರೆ ಅರ್ಧ ಜನ ಇಲ್ಲೇ ಎಡವುತ್ತಾರೆ. 17 ಅಕ್ಷರ ಮತ್ತು ಅಂಕಿಗಳು. ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಇದರಲ್ಲಿ ಬರುವುದೇ ಇಲ್ಲ. ದುಂಡಗೆ ಕಂಡರೆ ಅದು ಸೊನ್ನೆ. ಉದ್ದ ಗೀಟು ಕಂಡರೆ ಅದು ಒಂದು. ಇಷ್ಟು ನೆನಪಿಟ್ಟುಕೊಂಡರೆ ಕಸ್ಟಮರ್ ಕೇರ್‌ನವರು "ಇಂಥ ನಂಬರೇ ಇಲ್ಲ" ಅನ್ನುವುದು ತಪ್ಪುತ್ತದೆ.

ಆರ್‌ಸಿಯಲ್ಲಿದ್ದದ್ದು ಸಾಕು, ಆದರೂ ಗಾಡಿಯ ಮೇಲೆ ಕೊರೆದದ್ದನ್ನು ಒಮ್ಮೆ ತಾಳೆ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ನೋಡಲೇಬೇಕು. ಸಮುದ್ರದ ದಂಡೆಯ ಊರುಗಳಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದು ಅಕ್ಷರ ಮಾಸಿರುತ್ತದೆ. ಆರ್‌ಟಿಓ ಕೆಲಸಕ್ಕೆ ಏಜೆಂಟರು ಮಾಡುವ ಹಾಗೆ ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಭಾವನ ಗಾಡಿಯದನ್ನು ಹೀಗೇ ತೆಗೆದೆವು. ಅವನು ಅಡಿಕೆ ವ್ಯಾಪಾರದ ಚೀಟಿಯ ಹಿಂಬದಿಯಲ್ಲಿ ಉಜ್ಜಿದ. ಈಗಲೂ ಅದು ಗಾಡಿಯ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿದೆ.

ನಂಬರ್ ಸಿಕ್ಕ ಮೇಲೆ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಕೇಳುವ ಮಾತು ಹೀಗಿರಲಿ: "ಈ ಚಾಸಿ ನಂಬರಿಗೆ ಯಾವುದಾದರೂ ರಿಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಬಾಕಿ ಇದೆಯೇ? ಆಗಿದ್ದರೆ ಯಾವ ದಿನ, ಯಾವ ಸರ್ವಿಸ್ ಸೆಂಟರ್‌ನಲ್ಲಿ, ಎಷ್ಟು ಕಿಲೋಮೀಟರ್‌ಗೆ?" ಸುಮ್ನೆ "ರಿಕಾಲ್ ಇದ್ಯಾ" ಅಂದರೆ ಆಚೆಯಿಂದ "ಇಲ್ಲ ಸರ್" ಅಂತ ಬಂದು ಫೋನ್ ಕಟ್ಟಾಗುತ್ತದೆ. ಉತ್ತರವನ್ನು ಮೆಸೇಜ್‌ನಲ್ಲೋ ಇಮೇಲ್‌ನಲ್ಲೋ ಕೇಳಿ ತಗೊಳ್ಳಿ. ಬೇರೆ ಕಂಪನಿಗಳ ಗಾಡಿಗೂ ಇದೇ ದಾರಿ. ಕಾರು ತಯಾರಕರ ಸಂಘವಾದ ಸಿಯಾಮ್‌ನ ಜಾಲತಾಣದಲ್ಲಿ ಸ್ವಯಂಪ್ರೇರಿತ ರಿಕಾಲ್‌ಗಳ ಪಟ್ಟಿ ಇರುತ್ತದೆ, ಅಲ್ಲೂ ನೋಡಬಹುದು.

ಬಾಕಿ ಇದ್ದರೆ ಮಾಡಿಸಬೇಕೇ?

ಇಲ್ಲಿಯೇ ಜನ ಹಿಂಜರಿಯುವುದು. ಭಾವನದೂ ಇದೇ ರಾಗ: "ಸಾಫ್ಟ್‌ವೇರ್ ಹಾಕಿದ್ರೆ ಗಾಡಿ ಎಳೆತ ಹೋಗ್ತಡಲಾ. ಬ್ಯಾಡ ಮಾರಾಯ."

ಈ ಭಯ ಪೂರ್ತಿ ಗಾಳಿಮಾತೂ ಅಲ್ಲ. ಯುರೋಪಿನಲ್ಲಿ ರಿಪೇರಿ ಮಾಡಿಸಿದ ಕೆಲವು ಮಾಲೀಕರು ಎಂಜಿನ್ ತಡವರಿಸುತ್ತದೆ, ಇಜಿಆರ್ ಕೆಟ್ಟಿತು ಅಂತ ದೂರಿದ್ದರು. ರಿಪೇರಿಯಿಂದ ಮೈಲೇಜಿಗಾಗಲೀ ಎಳೆತಕ್ಕಾಗಲೀ ತೊಂದರೆಯಿಲ್ಲ ಅನ್ನುವುದು ಕಂಪನಿಯ ವಾದ. ಆದರೂ ಅಲ್ಲಿ ಕೆಲವು ಬಿಡಿಭಾಗಗಳಿಗೆ ಎರಡು ವರ್ಷ ಹೆಚ್ಚುವರಿ ಭರವಸೆ ಕೊಟ್ಟಿತ್ತು. ಇಜಿಆರ್ ಮೊದಲಿಗಿಂತ ಹೆಚ್ಚು ಕೆಲಸ ಮಾಡಿದರೆ ಅದರಲ್ಲಿ ಮಸಿ ಕೂರುವುದೂ ಹೆಚ್ಚು, ಇದು ಲೆಕ್ಕಕ್ಕೆ ಸಿಗುವ ಮಾತೇ.

ಮಾಡಿಸಿ ಅನ್ನುವುದೇ ನನ್ನ ಅಭಿಪ್ರಾಯ. ಆದರೆ ಕುರುಡಾಗಿ ಅಲ್ಲ. ಗಾಡಿ ಲಕ್ಷ ಕಿಲೋಮೀಟರ್ ದಾಟಿದ್ದರೆ ಮೊದಲು ಇಜಿಆರ್ ತೆಗೆಸಿ ಮಸಿ ಎಷ್ಟಿದೆ ನೋಡಿಸಿ, ಕ್ಲೀನ್ ಮಾಡಿಸಿ. ಏರ್ ಫಿಲ್ಟರ್ ಹಳತಾಗಿದ್ದರೆ ಬದಲಿಸಿ. ಆಮೇಲೆ ಸಾಫ್ಟ್‌ವೇರ್. ಮೊದಲೇ ಕಟ್ಟಿಕೊಂಡಿದ್ದ ವಾಲ್ವ್ ಸಾಫ್ಟ್‌ವೇರ್ ಹಾಕಿದ ಮಾರನೇ ದಿನ ಕೈ ಕೊಟ್ಟರೆ ತಪ್ಪು ಯಾರದು ಅಂತ ಜಗಳ ಶುರುವಾಗುತ್ತದೆ.

ಕೆಲಸ ದೊಡ್ಡದಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ ಕಂಪ್ಯೂಟರ್‌ಗೆ ಹೊಸ ಸಾಫ್ಟ್‌ವೇರ್ ಇಳಿಸುತ್ತಾರೆ. ಯುರೋಪಿನಲ್ಲಿ ಒಪ್ಪಿಗೆ ಸಿಕ್ಕ ರಿಪೇರಿಯಲ್ಲಿ 1.6 ಲೀಟರ್ ಎಂಜಿನ್‌ಗೆ ಇನ್ನೊಂದು ಪ್ಲಾಸ್ಟಿಕ್ ಭಾಗವೂ ಇತ್ತು. ಗಾಳಿ ಒಳಗೆ ಹೋಗುವ ಕೊಳವೆಯಲ್ಲಿ, ಗಾಳಿ ಅಳೆಯುವ ಸೆನ್ಸರ್‌ನ ಮುಂದೆ, ಜರಡಿಯಂತೆ ಕೂರುತ್ತದೆ. ಗಾಳಿ ಸುಳಿಯದೆ ಸಮನಾಗಿ ಹರಿಯಲಿ ಅಂತ. ಒಟ್ಟು ಒಂದು ತಾಸಿನ ಒಳಗಿನ ಕೆಲಸ. ದುಡ್ಡು ಕೇಳಿದರೆ ಕೊಡಬೇಡಿ, ರಿಕಾಲ್ ಕೆಲಸ ಪುಕ್ಕಟೆ.

ನಮ್ಮವರಿಗೆ ತೊಂದರೆ ಇರುವುದು ದೂರದ್ದು. ಅಧಿಕೃತ ಸರ್ವಿಸ್ ಅಂದರೆ ಹುಬ್ಬಳ್ಳಿಗೋ ಮಂಗಳೂರಿಗೋ ಗೋವೆಗೋ ಹೋಗಬೇಕು. ಒಂದು ತಾಸಿನ ಕೆಲಸಕ್ಕೆ ಒಂದು ದಿನ. ನಮ್ಮ ಜಿಲ್ಲೆಯವರು ಹೇಗೂ ಆಸ್ಪತ್ರೆಗೆ ಅಂತ ಈ ಊರುಗಳಿಗೆ ಓಡಾಡುತ್ತಲೇ ಇರುತ್ತೇವೆ. ಆ ದಿನಕ್ಕೆ ಹೊಂದಿಸಿಕೊಂಡು ಮುಂಚೆಯೇ ಅಪಾಯಿಂಟ್‌ಮೆಂಟ್ ಮಾಡಿ.

ಹೋಗುವ ಮೊದಲು ಎರಡು ಸಲ ಟ್ಯಾಂಕ್ ತುಂಬಿಸಿ ಮೈಲೇಜ್ ಬರೆದಿಡಿ. ಬಂದ ಮೇಲೆ ಎರಡು ಸಲ ಅದೇ ದಾರಿಯಲ್ಲಿ ನೋಡಿ. ಘಟ್ಟ ಏರಿದ ಮೈಲೇಜನ್ನೂ ಕುಮಟಾ-ಅಂಕೋಲಾ ಹೈವೇ ಮೈಲೇಜನ್ನೂ ಹೋಲಿಸಿ "ಬಿತ್ತು ಬಿತ್ತು" ಅಂದರೆ ಯಾರೂ ಕೇಳುವುದಿಲ್ಲ. ಜಾಬ್ ಕಾರ್ಡಿನ ಪ್ರತಿ ಬಿಡದೆ ತಗೊಳ್ಳಿ. ಕ್ಯಾಂಪೇನ್ ನಂಬರ್, ದಿನಾಂಕ, ಕಿಲೋಮೀಟರ್ ಮೂರೂ ಅದರಲ್ಲಿರಬೇಕು. ನಾಳೆ ಮಾರುವಾಗ ಇದು ಆರ್‌ಸಿಯಷ್ಟೇ ಕೆಲಸಕ್ಕೆ ಬರುತ್ತದೆ.

ಪೊಲೀಸರು ಹಿಡಿಯುತ್ತಾರೆಯೇ?

ಇಲ್ಲ. ಕಂಪನಿ ಮಾಡಿದ ಮೋಸಕ್ಕೆ ಗಾಡಿ ತಗೊಂಡವನು ಅಪರಾಧಿಯಲ್ಲ. ಆರ್‌ಸಿ ರದ್ದಾಗುತ್ತದೆ ಅನ್ನುವುದೆಲ್ಲ ಪುಕಾರು. ಎಮಿಷನ್ ಸರ್ಟಿಫಿಕೇಟ್ ಮಾತ್ರ ಚಾಲ್ತಿಯಲ್ಲಿರಬೇಕು. ಬಿಎಸ್ 4, ಬಿಎಸ್ 6 ಗಾಡಿಗೆ ಒಂದು ವರ್ಷ, ಅದಕ್ಕಿಂತ ಹಳತಕ್ಕೆ ಆರು ತಿಂಗಳು. ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ ತನಕ ದಂಡಕ್ಕೆ ಅವಕಾಶವಿದೆ. ಸರ್ಟಿಫಿಕೇಟ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇನ್ಶೂರೆನ್ಸ್ ಕ್ಲೇಮ್ ನಿರಾಕರಿಸುವಂತಿಲ್ಲ ಅಂತ ವಿಮಾ ಪ್ರಾಧಿಕಾರವೇ 2020ರಲ್ಲಿ ಸ್ಪಷ್ಟ ಮಾಡಿದೆ. ವಾಟ್ಸಾಪ್‌ನಲ್ಲಿ ಇದಕ್ಕೆ ಉಲ್ಟಾ ಸುತ್ತುತ್ತಿರುತ್ತದೆ. ನಂಬಬೇಡಿ.

ಡೀಸೆಲ್ ಕಾರು ಹತ್ತು ವರ್ಷಕ್ಕೆ ಗುಜರಿಗೆ ಅನ್ನುವ ಮಾತಿನದೂ ಹೀಗೇ. ಅದು ದೆಹಲಿ ಮತ್ತು ಸುತ್ತಮುತ್ತಲ ಪ್ರದೇಶದ ಕತೆ. ಇಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು.

ನೀವೇ ಮೋಸಕ್ಕೆ ಇಳಿಯಬೇಡಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ನನ್ನದೇ ಗಾಡಿಯಲ್ಲಿ ಇಜಿಆರ್ ಮಸಿ ಕಟ್ಟಿ ಎಂಜಿನ್ ದೀಪ ಹತ್ತಿಕೊಂಡಿತ್ತು. ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿದ. ಡ್ರಾಯರಿನಿಂದ ಎರಡು ತೂತಿನ ತಗಡೊಂದನ್ನು ತೆಗೆದ. ಬಿಸ್ಕಿಟಿನಷ್ಟು ದೊಡ್ಡದು. "ಇದೊಂದು ಹಾಕಿ ಇಜಿಆರ್ ಬಂದ್ ಮಾಡ್ತೆ ಸರ್. ದೀಪ ಬರದ ಹಾಗೆ ಕಂಪ್ಯೂಟರಲ್ಲೂ ಮಾಡ್ಸುವ. ಮತ್ತೆ ನೋಡಿ, ಗಾಡಿ ಹಾರ್ತದೆ." ಕ್ಲೀನ್ ಮಾಡುವ ಖರ್ಚಿನ ಕಾಲು ಭಾಗ ಸಾಕು ಅಂದ. ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆ ತಗಡು ಮಾಡುವ ಕೆಲಸ ಏನು ಯೋಚಿಸಿ. ಕಂಪನಿ ಟೆಸ್ಟ್ ಹೊತ್ತಿಗಾದರೂ ಇಜಿಆರ್ ಸರಿಯಾಗಿ ನಡೆಸುತ್ತಿತ್ತು. ಇಲ್ಲಿ ಅದೂ ಇಲ್ಲ. ಹೊಗೆ ಟೆಸ್ಟಿನಲ್ಲಿ ಗಾಡಿ ಇನ್ನೂ ಸಲೀಸಾಗಿ ಪಾಸಾಗುತ್ತದೆ, ಯಾಕೆಂದರೆ ಮಸಿ ಕಡಿಮೆ. ನಾಕ್ಸ್ ಮಾತ್ರ ಮನಸೋ ಇಚ್ಛೆ. ಬೀಚಿನ ಗಾಳಿ ಇದೆಯಲ್ಲ ಅನ್ನಬೇಡಿ. ಕಾರವಾರದ ಹೈವೇ ಸುರಂಗದಲ್ಲಿ ಲಾರಿಗಳ ಹಿಂದೆ ಕಿಟಕಿ ಇಳಿಸಿಕೊಂಡು ಹೋದವರಿಗೆ ಮೂಗು ಉರಿಯುವುದು ಗೊತ್ತು. ನಾಕ್ಸ್ ಉಸಿರಿನ ನಾಳವನ್ನು ಕೆರಳಿಸುತ್ತದೆ, ಬಿಸಿಲಿಗೆ ಸೇರಿ ಓಝೋನ್ ಹುಟ್ಟಿಸುತ್ತದೆ. ಉಬ್ಬಸ ಇರುವ ಮಕ್ಕಳಿಗೆ ಮೊದಲು ತಟ್ಟುತ್ತದೆ.

ಕಾನೂನೂ ಇದೆ. ಮಾಲೀಕನು ನಿಯಮ ಮೀರಿ ಗಾಡಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು ಅಂತ 2019ರ ತಿದ್ದುಪಡಿ ಹೇಳುತ್ತದೆ. ಇಲ್ಲಿ ಅಪರಾಧಿ ಕಂಪನಿಯಲ್ಲ, ನೀವು. ಬಿಎಸ್ 6 ಗಾಡಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಒಡೆದು ತೆಗೆಯುವುದು, ಎಳೆತ ಹೆಚ್ಚಲಿ ಅಂತ ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದುವ ಮ್ಯಾಪಿಂಗ್ ಮಾಡಿಸುವುದು ಎಲ್ಲ ಇದೇ ಸಾಲಿಗೆ ಬರುತ್ತದೆ. ನಾನಂತೂ ತಗಡು ವಾಪಸ್ ಕೊಟ್ಟು ಕ್ಲೀನ್ ಮಾಡಿಸಿದೆ. ಗ್ಯಾರೇಜಿನವನು ಅರ್ಧ ದಿನ ಸೀಮೆಎಣ್ಣೆಯಲ್ಲಿ ಉಜ್ಜಿ, ಕೈತುಂಬ ಮಸಿ ಮಾಡಿಕೊಂಡು ನನ್ನನ್ನು ಬೈದ.

ಪರಿಹಾರದ ದುಡ್ಡು ಬರುತ್ತದೆಯೇ?

ಅಮೆರಿಕದಲ್ಲಿ ಬಂತು. ಅಲ್ಲಿ 2016ರ ಒಪ್ಪಂದದಂತೆ ಮಾಲೀಕರು ಗಾಡಿ ವಾಪಸ್ ಕೊಡಬಹುದಿತ್ತು ಅಥವಾ ರಿಪೇರಿ ಮಾಡಿಸಿಕೊಳ್ಳಬಹುದಿತ್ತು. ಜೊತೆಗೆ 5,100ರಿಂದ 10,000 ಡಾಲರ್ ತನಕ ಕೈಗೆ. ಜರ್ಮನಿಯಲ್ಲಿ 2020ರ ಮೇ ತಿಂಗಳಲ್ಲಿ ಅಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ಗಾಡಿ ವಾಪಸ್ ಕೊಟ್ಟು ದುಡ್ಡು ಪಡೆಯಬಹುದು, ಓಡಿಸಿದ ಕಿಲೋಮೀಟರ್ ಲೆಕ್ಕ ಕಳೆದು, ಅಂತ ತೀರ್ಪು ಕೊಟ್ಟಿತು. ಬ್ರಿಟನ್ನಿನಲ್ಲಿ 2022ರಲ್ಲಿ ಸುಮಾರು 91,000 ಮಾಲೀಕರಿಗೆ 19.3 ಕೋಟಿ ಪೌಂಡ್ ಕೊಟ್ಟು ಕಂಪನಿ ಕೇಸು ಮುಗಿಸಿಕೊಂಡಿತು.

ನಮ್ಮಲ್ಲಿ ಮಾಲೀಕರಿಗೆ ಈ ಥರದ ಪರಿಹಾರ ಬರಲಿಲ್ಲ. ಇಲ್ಲಿನ ರಿಕಾಲ್ ನಾವಾಗಿಯೇ ಮಾಡುತ್ತಿರುವುದು, ಭಾರತದ ನಿಯಮ ಮುರಿದಿಲ್ಲ ಅನ್ನುವುದು ಕಂಪನಿಯ ನಿಲುವು. ಬಿಎಸ್ 4 ಕಾಲದಲ್ಲಿ ರಸ್ತೆಯ ಮೇಲೆ ಅಳೆಯುವ ನಿಯಮವೇ ಇರಲಿಲ್ಲವಲ್ಲ. 2019ರ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಕ್ರಮಕ್ಕೆ ತಡೆ ಕೊಟ್ಟಿತು. ಆ ದಂಡವೂ ಪರಿಸರದ ಲೆಕ್ಕಕ್ಕೆ, ನಿಮ್ಮ ನಮ್ಮ ಖಾತೆಗಲ್ಲ. ಹಾಗಾಗಿ "ಡೀಸೆಲ್ ಪರಿಹಾರ ಕೊಡಿಸುತ್ತೇವೆ, ಫಾರ್ಮ್ ಫೀ 2,000" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಈಚೆಗೆ ತಗೊಂಡ ಗಾಡಿಯಲ್ಲಿ ಇಂಥದ್ದೇನಾದರೂ ಸಿಕ್ಕರೆ ದಾರಿ ಇದೆ. ಮೋಟಾರು ವಾಹನ ಕಾಯ್ದೆಯ 110ಎ ಸೆಕ್ಷನ್ ಪ್ರಕಾರ ಪರಿಸರಕ್ಕೆ ಹಾನಿ ಮಾಡುವ ದೋಷಕ್ಕೂ ಸರ್ಕಾರ ರಿಕಾಲ್ ಆದೇಶ ಮಾಡಬಹುದು. ಆಗ ಕಂಪನಿ ಗಾಡಿಯ ಪೂರ್ತಿ ಬೆಲೆ ಕೊಡಬೇಕು, ಇಲ್ಲವೇ ಬದಲಿ ಗಾಡಿ ಕೊಡಬೇಕು, ಇಲ್ಲವೇ ರಿಪೇರಿ ಮಾಡಿಕೊಡಬೇಕು. 2021ರ ಏಪ್ರಿಲ್‌ನಿಂದ ಇದರ ನಿಯಮ ಜಾರಿಯಲ್ಲಿದೆ, ಏಳು ವರ್ಷದೊಳಗಿನ ಗಾಡಿಗೆ ಅನ್ವಯ. ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ನಿಮ್ಮ ಸ್ವಂತ ನಷ್ಟಕ್ಕೆ ಗ್ರಾಹಕ ಆಯೋಗ. ನಮ್ಮ ಜಿಲ್ಲೆಯದ್ದು ಕಾರವಾರದಲ್ಲೇ ಇದೆ. ಗಾಡಿ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ತಗೊಂಡಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದ ತನಕ ಶುಲ್ಕವಿಲ್ಲ, 10 ಲಕ್ಷದ ತನಕ 200 ರೂಪಾಯಿ. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು, ಇದು ಮುಖ್ಯ. 2015ರ ಹಗರಣವನ್ನೇ ಹಿಡಿದು ಈಗ ಹೊರಟರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಎಷ್ಟೋ ಸಲ ಕಂಪನಿಯವರು ಅಲ್ಲಿಗೇ ಬಗ್ಗುತ್ತಾರೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ

ಸರ್ವಿಸ್ ಹಿಸ್ಟರಿ ಕೇಳಿ. "ಹೊರಗೆ ಮಾಡಿಸಿದ್ದು, ಬಿಲ್ ಇಲ್ಲ" ಅಂದರೆ ಬೆಲೆ ಇಳಿಸಿ. ಚಾಸಿ ನಂಬರ್ ಕೊಟ್ಟು ರಿಕಾಲ್ ಸ್ಥಿತಿ ನೀವೇ ವಿಚಾರಿಸಿ, ಮಾರುವವನ ಬಾಯಿಮಾತು ಬೇಡ. ಇಜಿಆರ್ ಪೈಪಿನ ಜೋಡಣೆಯಲ್ಲಿ ಹೊಸದಾಗಿ ಹೊಳೆಯುವ ತಗಡಿನ ಅಂಚು ಕಂಡರೆ ಅದೇ ಬಿಸ್ಕಿಟ್. ಮೊದಲ ನೋಂದಣಿ ದೆಹಲಿ, ಹರಿಯಾಣ ಇದ್ದರೆ ಅಗ್ಗ ಯಾಕೆ ಅನ್ನುವುದು ಈಗ ನಿಮಗೆ ಗೊತ್ತು. ಎನ್‌ಒಸಿ ಜೊತೆ ಇಲ್ಲಿನ ಲೈಫ್ ಟ್ಯಾಕ್ಸನ್ನೂ ಸೇರಿಸಿ ಲೆಕ್ಕ ಹಾಕಿ, ಆಗ ಅಗ್ಗ ಎಷ್ಟು ಉಳಿಯುತ್ತದೆ ನೋಡಿ.

ಬಿಎಸ್ 6 ಡೀಸೆಲ್ ಇದ್ದವರಿಗೆ ಒಂದು ಮಾತು

2020ರ ಏಪ್ರಿಲ್‌ನಿಂದ ಬಿಎಸ್ 6. ಡೀಸೆಲ್ ಕಾರಿನ ನಾಕ್ಸ್ ಮಿತಿ ಕಿಲೋಮೀಟರ್‌ಗೆ 0.25 ಗ್ರಾಮಿನಿಂದ 0.08ಕ್ಕೆ ಇಳಿಯಿತು. 2023ರ ಏಪ್ರಿಲ್‌ನಿಂದ ರಸ್ತೆಯ ಮೇಲೂ ಅಳೆಯಬೇಕು. ಆ ಅಮೆರಿಕದ ತಂಡ ಮಾಡಿದ ಹಾಗೆ ಯಂತ್ರ ಕಟ್ಟಿಕೊಂಡೇ. ಹಾಗಾಗಿ ಹಳೇ ಥರದ ಆಟ ಈಗ ಕಷ್ಟ.

ಆದರೆ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಜಾಲರಿ ಬಂದಿದೆ. ಅದು ತನ್ನನ್ನು ತಾನೇ ಸುಟ್ಟು ಶುದ್ಧವಾಗಲು ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಶಿರಸಿ ಪೇಟೆಯೊಳಗೆ ಅಡಿಕೆ ಮಂಡಿ, ಮನೆ, ಮತ್ತೆ ಮಂಡಿ ಅಂತ ಓಡಿಸಿದರೆ ಕಾಯುವುದಿಲ್ಲ, ದೀಪ ಹತ್ತುತ್ತದೆ. ಘಟ್ಟ ಇಳಿದರೂ ಉಪಯೋಗವಿಲ್ಲ, ಇಳಿಜಾರಿನಲ್ಲಿ ಎಂಜಿನ್‌ಗೆ ಕೆಲಸವೇ ಇಲ್ಲ. ಕುಮಟಾದಿಂದ ಅಂಕೋಲೆಯತ್ತ ಹೈವೇಯಲ್ಲಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ ನೋಡಿ, ಬಹಳ ಸಲ ದೀಪ ಆರುತ್ತದೆ. ನಾಕ್ಸ್ ತಗ್ಗಿಸಲು ಯೂರಿಯಾ ದ್ರಾವಣ ಬೇಡುವ ಗಾಡಿಗೆ ಅದೇ ಹಾಕಿ. ಗೊಬ್ಬರದ ಯೂರಿಯಾ ಕರಗಿಸಿ ಹಾಕಿದರೆ ಆಗುತ್ತದಲ್ಲ ಅಂತ ಒಬ್ಬರು ಕೇಳಿದ್ದರು. ಆಗುವುದಿಲ್ಲ.

ಭಾವನ ಗಾಡಿ ಏನಾಯಿತು ಹೇಳುವುದು ಉಳಿಯಿತು. ಬಹಳ ಒತ್ತಾಯ ಮಾಡಿದ ಮೇಲೆ, ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಹುಬ್ಬಳ್ಳಿಗೆ ಹೋದ ದಿನ ಸರ್ವಿಸ್ ಸೆಂಟರ್‌ಗೂ ಹೋದ. ಪೆನ್ಸಿಲ್ ಉಜ್ಜಿದ ಚೀಟಿ ಕೊಟ್ಟ. ಅವರು ಕಂಪ್ಯೂಟರಿನಲ್ಲಿ ನೋಡಿ ಹಳೇ ದಾಖಲೆಯ ಪ್ರಿಂಟ್ ಕೊಟ್ಟರು. ಮೊದಲ ಮಾಲೀಕರು 2017ರಲ್ಲೇ ರಿಕಾಲ್ ಮಾಡಿಸಿದ್ದರು.

ಅಂದರೆ ದೇವಿಮನೆ ಘಟ್ಟವನ್ನು ಮೂರನೇ ಗೇರಿನಲ್ಲಿ ಏರುತ್ತಿದ್ದದ್ದು ಹೊಸ ಸಾಫ್ಟ್‌ವೇರ್ ಹಾಕಿದ ಗಾಡಿಯೇ. ಇದನ್ನು ನಾನು ಫೋನಿನಲ್ಲಿ ಎರಡು ಸಲ ಹೇಳಿದೆ. ಭಾವ "ನೆಟ್‌ವರ್ಕ್ ಇಲ್ಲೆ" ಅಂತ ಇಟ್ಟುಬಿಟ್ಟ.